ಕೋಡಿಗೆ ಹಾದಿ ಬಿಡಿಸಿದ ಸಾಹೇಬರು

ಓವರ್‌ಸಿಯರ್ ಸಾಹೇಬರು ಕೂರುವ ಮೊದಲು ಎರಡೂ ಮೊಣಕಾಲಿಗೆ ಅಂಗೈಯಿಂದ ಒಂದೊಂದು ಪೆಟ್ಟು ಹಾಕುತ್ತಿದ್ದರು, ಮೊಂಡು ಹಿಡಿದ ಎತ್ತಿನ ಬೆನ್ನಿಗೆ ಹಾಕಿದ ಹಾಗೆ. ಆಮೇಲೆ ಕಾಲು ಮಡಚುತ್ತಿದ್ದರು. ಎಡಗಾಲಿನಿಂದ ಒಣಗಿದ ತೊಗರಿಕಟ್ಟಿಗೆ ಮುರಿದಂಥ ಸಪ್ಪಳ ಬರುತ್ತಿತ್ತು. ಬಲಗಾಲು ತುಸು ತಡೆದು ಅದಕ್ಕೆ ಜವಾಬು ಕೊಡುತ್ತಿತ್ತು. ಏಳುವಾಗ ಮತ್ತೆ ಅದೇ ಸವಾಲು, ಅದೇ ಜವಾಬು. ಕೆರೆಯ ಒಡ್ಡಿನ ಮೇಲೆ ಬುಟ್ಟಿ ಬೋರಲು ಹಾಕಿ ಬೀಡಿ ಸೇದುತ್ತ ಕೂತ ಆಳುಗಳು ಈ ಸಪ್ಪಳ ಕಿವಿಗೆ ಬಿದ್ದ ಕೂಡಲೇ ಎದ್ದು ಮಣ್ಣಿಗೆ ಕೈ ಹಾಕುತ್ತಿದ್ದರು. ಸಾಹೇಬರು ಬಾಯಿ ತೆರೆದು ಬೈದದ್ದನ್ನು ಯಾರೂ ಕೇಳಿದವರಿಲ್ಲ. ಬೈಯುವ ಕೆಲಸವನ್ನೆಲ್ಲ ಅವರ ಮೊಣಕಾಲುಗಳೇ ವಹಿಸಿಕೊಂಡಿದ್ದವು.

ಆ ಸಪ್ಪಳ ತೆಗೆಯುವುದನ್ನು ನಾನು ವಾರದೊಳಗೆ ಕಲಿತೆ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟರೆ ಎಡಗಾಲು, ಗಲ್ಲದೊಳಗೆ ಬಿಟ್ಟರೆ ಬಲಗಾಲು. ಆಳುಗಳ ಬೆನ್ನ ಹಿಂದೆ ಹೋಗಿ ಒಮ್ಮೆ ಎರಡನ್ನೂ ಬಿಟ್ಟೆನೆಂದರೆ ಸಾಲಿಗೆ ಸಾಲೇ ಎದ್ದು ನಿಲ್ಲುತ್ತಿತ್ತು. ಆಮೇಲೆ ನನ್ನನ್ನು ಕಂಡು ಬೈಗುಳದ ಮಳೆ. ಆಗ ನಾನು ಇಪ್ಪತ್ತು ದಾಟಿದವ, ಒಕ್ಕಲುತನಕ್ಕೂ ಶಾಲೆಗೂ ಸಲ್ಲದೆ ಉಳಿದವ. ನನಗಿದ್ದ ವಿದ್ಯೆ ಒಂದೇ, ಕಂಡವರ ದನಿ ತೆಗೆಯುವುದು. ಗೌಡರ ಕೆಮ್ಮು, ಅಂಗಡಿಯವನ ರಾಗ, ನಮ್ಮಪ್ಪ ಎತ್ತಿನ ಜೊತೆ ಆಡುವ ಜಗಳ, ಎಲ್ಲ ಬರುತ್ತಿತ್ತು. ನನ್ನ ಸ್ವಂತ ದನಿ ಯಾವುದೆಂದು ಹಡೆದ ಅವ್ವನಿಗೇ ಅನುಮಾನ. "ಒಮ್ಮೆರ ನಿನ್ನ ದನೀಲೆ ರೊಟ್ಟಿ ಕೇಳು, ಹಾಕತೀನಿ" ಅನ್ನುತ್ತಿದ್ದಳು. ನಾನು ಹುಡುಕಿ ನೋಡುತ್ತಿದ್ದೆ, ಸಿಗುತ್ತಿರಲಿಲ್ಲ. ಕಡೆಗೆ ಗೌಡರ ದನಿಯಲ್ಲೇ ರೊಟ್ಟಿ ಕೇಳಿ ತಿನ್ನುತ್ತಿದ್ದೆ.

ನಮ್ಮೂರು ಯಲಬುರ್ಗಾಕ್ಕೂ ಕುಷ್ಟಗಿಗೂ ನಡುವೆ ಕಪ್ಪುಮಣ್ಣಿನ ಎರಿಹೊಲದೊಳಗೆ ಇದೆ. ಸುತ್ತ ಎಲ್ಲಿ ನೋಡಿದರೂ ಜೋಳ, ಕಡಲೆ. ನಡುವೆ ಒಂದು ಕೆರೆ, ಅದರ ಕೆಳಗೆ ಒಂದಿಷ್ಟು ಗದ್ದೆ. ಒಡ್ಡು ಯಾವುದೋ ರಾಜರ ಕಾಲದ್ದು. ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿಯಂತೂ ನಮ್ಮ ಮನೆಯ ಬಾಗಿಲಿಗಿಂತ ತುಸು ಅಗಲ, ಅಷ್ಟೇ. ಹಿಂದೊಂದು ವರ್ಷ ದೊಡ್ಡ ಮಳೆ ಬಂದಾಗ ನೀರು ಕೋಡಿಯನ್ನು ಬಿಟ್ಟು ಒಡ್ಡಿನ ನೆತ್ತಿಯನ್ನೇ ಸವರಿಕೊಂಡು ಹೋಯಿತು. ಒಡ್ಡು ಹೇಗೋ ಉಳಿಯಿತು. ಒಡ್ಡು ಎತ್ತರಿಸಬೇಕು, ಕೋಡಿ ಅಗಲ ಮಾಡಬೇಕು ಎಂದು ನಿಜಾಮ ಸರಕಾರದ ಹುಕುಂ ಹೊರಟಿತು. ಹೊರಟ ಹುಕುಂ ನಮ್ಮೂರು ಮುಟ್ಟುವಷ್ಟರಲ್ಲಿ ಜಗತ್ತಿನಲ್ಲಿ ಯುದ್ಧ ಶುರುವಾಗಿ ಸಿಮೆಂಟು ಸಿಗುವುದು ನಿಂತಿತ್ತು, ಕಬ್ಬಿಣ ಸಿಗುವುದು ನಿಂತಿತ್ತು, ಬಸ್ಸುಗಳು ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು. ಹೊಳೆಗೆ ದೊಡ್ಡ ಅಣೆಕಟ್ಟು ಕಟ್ಟುತ್ತಾರೆಂಬ ಸುದ್ದಿ ಬೇರೆ ಹಬ್ಬಿತ್ತು. ಗಟ್ಟಿ ಮೊಣಕಾಲಿನವರನ್ನೆಲ್ಲ ಆ ಕಡೆಗೆ ಆರಿಸಿಟ್ಟು ಉಳಿದದ್ದನ್ನು ನಮಗೆ ಕಳಿಸಿದ್ದಾರೆ ಎಂದು ಚಾವಡಿಯಲ್ಲಿ ತೀರ್ಮಾನವಾಯಿತು.

ಸಾಹೇಬರು ಬೀದರದ ಕಡೆಯವರು. ಊರಲ್ಲಿ ಬಂಗಲೆ ಇರಲಿಲ್ಲ. ಸಾಹೇಬರು ನಿಮ್ಮ ಮನೆಯಲ್ಲೇ ಇರಲಿ ಎಂದು ಗೌಡರು ಅಪ್ಪನಿಗೆ ಹೇಳಿದರು. ಗೌಡರಿಗೆ ಇಲ್ಲ ಅನ್ನಲು ಬರುತ್ತಿತ್ತು, ನಮ್ಮಪ್ಪನಿಗೆ ಬರುತ್ತಿರಲಿಲ್ಲ. ಹೀಗಾಗಿ ಸಾಹೇಬರ ತಗಡಿನ ಟ್ರಂಕು ನಮ್ಮ ಪಡಸಾಲೆಗೆ ಬಂತು.

ಅವರು ಆ ಟ್ರಂಕನ್ನು ಕಡೆಯ ತನಕ ಬಿಚ್ಚಿ ಜೋಡಿಸಲೇ ಇಲ್ಲ. ಬೇಕಾದ ಅಂಗಿ ತೆಗೆದು ತೊಟ್ಟು, ಒಗೆದು ಒಣಗಿಸಿ, ಮಡಚಿ ಮತ್ತೆ ಅದರೊಳಗೇ ಇಡುತ್ತಿದ್ದರು. ಅವ್ವ ಗೋಡೆಗೆ ಗೂಟ ಹೊಡೆಸಿ ಕೊಟ್ಟಳು. ಅದಕ್ಕೆ ಛತ್ರಿಯೊಂದನ್ನು ತೂಗುಹಾಕಿದರು, ಬೇರೆ ಏನೂ ಇಲ್ಲ. "ಬಟ್ಟಿನೂ ಹಾಕ್ರಿ ಸಾಹೇಬ್ರ, ಗೂಟ ಗಟ್ಟಿ ಐತಿ" ಎಂದರೆ, "ಗೂಟ ಗಟ್ಟಿ ಅದ ಅಕ್ಕಾ, ನಾನ ಗಟ್ಟಿ ಇಲ್ಲ" ಎನ್ನುತ್ತಿದ್ದರು. ಮತ್ತೊಮ್ಮೆ ಹೇಳಿದ್ದು ನನಗೆ ಇನ್ನೂ ನೆನಪಿದೆ: "ಹೊಸಾ ಊರಿಗಿ ಹೋದ್ರ ಮೊದಲ ಬಾವಿ ನೀರು ಹಿಡಸಂಗಿಲ್ಲ. ಹಿಡಸೋ ಹೊತ್ತಿಗಿ ಬದ್ಲಿ ಹುಕುಂ ಬರ್ತದ." ಹೆಂಡತಿ ಬೀದರದ ಹತ್ತಿರದ ಹಳ್ಳಿಯಲ್ಲಿದ್ದರು. ಮಕ್ಕಳು ದೊಡ್ಡವರಾಗಿದ್ದರು. ಎಷ್ಟು ದೊಡ್ಡವರು ಎಂದು ಅವ್ವ ಕೇಳಿದರೆ ಸಾಹೇಬರು ಕೈಯೆತ್ತಿ ತೋರಿಸುತ್ತಿದ್ದರು. ಆಮೇಲೆ ಆ ಕೈಯನ್ನು ತುಸು ಮೇಲೆ ಮಾಡುತ್ತಿದ್ದರು, ಈಗ ಇನ್ನೂ ಬೆಳೆದಿರಬಹುದು ಎಂಬಂತೆ.

ಸಂಜೆ ಒಡ್ಡಿನಿಂದ ಬಂದ ಮೇಲೆ ಒಲೆಯ ಮುಂದೆ ಒಂದು ಬಟ್ಟಲು ಇಡುತ್ತಿದ್ದರು. ಕುಸುಬಿ ಎಣ್ಣೆ ಬೆಚ್ಚಗಾದ ಮೇಲೆ ಪಡಸಾಲೆಯಲ್ಲಿ ಕೂತು ಮೊಣಕಾಲಿಗೆ ತಿಕ್ಕಿಕೊಳ್ಳುತ್ತ, ಅಂದಿನ ದಿನದ ಜಗಳಗಳನ್ನೆಲ್ಲ ತಮ್ಮಷ್ಟಕ್ಕೆ ಮೆಲ್ಲಗೆ ಮತ್ತೊಮ್ಮೆ ಆಡುತ್ತಿದ್ದರು. ಹಗಲಿನಲ್ಲಿ ಸೋತ ಜಗಳವನ್ನು ಸಂಜೆಯಲ್ಲಾದರೂ ಗೆಲ್ಲುತ್ತಾರೇನೋ ಎಂದು ನಾನು ಕಿವಿಗೊಟ್ಟು ಕೇಳುತ್ತಿದ್ದೆ. ಇಲ್ಲ, ಅಲ್ಲಿಯೂ ಸೋಲುತ್ತಿದ್ದರು.

ಒಂದು ದಿನ ಊರಬಾಗಿಲಿನ ಅಗಸಿ ಕಟ್ಟೆಯ ಮೇಲೆ ನನ್ನ ಆಟ ಜೋರಾಗಿ ನಡೆದಿತ್ತು. ಮೊಣಕಾಲಿಗೆ ಪೆಟ್ಟು ಹಾಕಿ, ಎರಡೂ ಸಪ್ಪಳ ತೆಗೆದು, ಮೂಗಿನಿಂದ ದೊಡ್ಡ ಉಸಿರು ಬಿಟ್ಟು ಸಾಹೇಬರ ಮಾತು ಶುರು ಮಾಡಿದ್ದೆ: "ನೋಡ್ರಿ, ಇದರಾಗ ನಂದೇನೂ ಇಲ್ಲ. ನಾ ನೀರಿನ ಪರವಾಗಿ ಹೇಳ್ಲತೀನಿ." ಮಂದಿ ನಕ್ಕೂ ನಕ್ಕೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಡುವೆ ಒಬ್ಬೊಬ್ಬರೇ ನಗು ನಿಲ್ಲಿಸಿದರು. ತಿರುಗಿ ನೋಡಿದರೆ ಸಾಹೇಬರು ಛತ್ರಿ ಹಿಡಿದು ಹಿಂದೆಯೇ ನಿಂತಿದ್ದಾರೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಕಪ್ಪುಮಣ್ಣಿನ ಊರು, ಬೇಸಿಗೆ, ಎಲ್ಲೆಲ್ಲೂ ಬಿರುಕು. ಬೇಕಾದಾಗ ಮಾತ್ರ ನನ್ನ ಅಳತೆಯದು ಒಂದೂ ಸಿಗಲಿಲ್ಲ.

ಸಾಹೇಬರು ಛತ್ರಿ ಊರಿ ನಿಂತು ಹೇಳಿದರು: "ಮೊಣಕಾಲಿಂದು ಬರಾಬರಿ ಅದ. ಮಾತು ಮಾತ್ರ ಭಾಳ ಹುರುಪಿನಿಂದ ಆಡ್ಲತಿ, ತಮ್ಮಾ. ನಾ ಅಷ್ಟು ಹುರುಪಿನಾಂವ ಅಲ್ಲ. ಇನ್ನೊಂದಿಷ್ಟು ದಣಿ."

ಅಷ್ಟು ಹೇಳಿ ಮನೆಗೆ ನಡೆದರು. ಅಂದಿನಿಂದ ನಾನು ದಣಿಯುವ ಅಭ್ಯಾಸಕ್ಕೆ ಬಿದ್ದೆ. ಎಲ್ಲಕ್ಕಿಂತ ಕಷ್ಟದ ನಕಲು ಅದೇ. ಕೆಮ್ಮಬಹುದು, ಕುಂಟಬಹುದು, ತೊದಲಬಹುದು. ಬೆಳಿಗ್ಗೆ ಎದ್ದು ರೊಟ್ಟಿ ತಿಂದು ಕಟ್ಟೆಗೆ ಬಂದು ಕೂತವನಿಗೆ ದಣಿವು ಎಲ್ಲಿಂದ ಬರಬೇಕು?

ಕೆಲಸ ನಡೆಯಿತು. ಬೇಸಿಗೆಯಲ್ಲಿ ಕೆರೆಯ ಹೊಟ್ಟೆಯಿಂದಲೇ ಮಣ್ಣು ತೆಗೆದು ಒಡ್ಡಿನ ನೆತ್ತಿಗೆ ಏರಿಸಿದರು. ಸಿಮೆಂಟು ಇಲ್ಲದ್ದಕ್ಕೆ ಸುಣ್ಣ ತರಿಸಿ, ಎತ್ತಿನ ಗಾಣದಲ್ಲಿ ಅರೆಸಿ, ಗಚ್ಚು ಮಾಡಿ ಕೋಡಿಯ ಕಲ್ಲಿಗೆ ಹಾಕಿದರು. ಒಡ್ಡು ಎತ್ತರವಾಗುವುದು ಊರಿಗೆಲ್ಲ ಸಂತೋಷ. ಕೋಡಿ ಅಗಲವಾಗುವುದು ಮಾತ್ರ ಯಾರಿಗೂ ಬೇಡ.

"ಗ್ವಾಡಿ ಎತ್ತರಿಸಿ ಬಾಗಿಲಾ ದೊಡ್ಡದ ಮಾಡತೀರಿ," ಎಂದರು ಗೌಡರು. "ಹಿಂಗ ಮಾಡಿದ್ರ ನೀರು ಒಳಗ ಕುಂದರತೈತೇನ್ರಿ?"

"ಕೂಡೋ ನೀರು ಕೂಡ್ತದ ಗೌಡ್ರ. ಕೋಡಿ ಮ್ಯಾಲಿಂದ ಹೋಗೋ ನೀರು ನಿಮ್ಮದಲ್ಲ. ಅದು ಹಾದಿ ಮ್ಯಾಲಿನ ಪಾಹುಣ್ಯಾ, ಬಂದು ಹೋಗೋ ಅತಿಥಿ ಇದ್ದಂಗ. ಬಾಗಿಲಾ ಬಿಟ್ರ ಸುಮ್ನ ಹೋಗ್ತದ. ಅಡ್ಡ ನಿಂತ್ರ ಗ್ವಾಡಿ ಕೆಡವಿ ಹೋಗ್ತದ."

"ಪಾಹುಣ್ಯಾನ್ನ ಉಪವಾಸ ಕಳಸೂದು ನಮ್ಮೂರ ಪದ್ಧತಿ ಅಲ್ಲರಿ" ಎಂದರು ಗೌಡರು. ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು, ಅವರಿಗೆ ಮಾತಿನಲ್ಲಿ ಸೋಲುವುದು ರೂಢಿಯಾಗಿತ್ತು. ಮರುದಿನ ಮತ್ತೆ ಕೋಡಿಯ ಕಲ್ಲಿನ ಮುಂದೆ ಹೋಗಿ ನಿಂತರು.

ಅವರು ಯಾಕೆ ಅಷ್ಟು ಹಟ ಹಿಡಿದಿದ್ದರೆಂಬುದು ನನಗೆ ತಿಳಿದದ್ದು ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ. ಅವ್ವ ಮಜ್ಜಿಗೆ ಬಡಿಸುತ್ತ ಸುಮ್ಮನೆ ಕೇಳಿದಳು: "ಸಾಹೇಬ್ರ, ಒಡ್ಡು ಒಡದದ್ದು ನೀವು ಕಂಡೀರೇನು?"

ಸಾಹೇಬರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಕಂಡೀನಿ ಅಕ್ಕಾ. ನೌಕರಿಗಿ ಸೇರಿದ ಹೊಸದಾಗಿ. ಊರವ್ರು ಕೋಡಿ ಮ್ಯಾಲ ಮಣ್ಣು ಏರಿಸಿದ್ರು. ಹಿರ್ಯಾರು ಇದ್ದಾರ, ನನಗ್ಯಾಕ ಅಂತ ಸುಮ್ನ ಇದ್ದೆ. ಒಡ್ಡು ಹೋಯ್ತು. ಮರುದಿನ ಬೆಳಿಗ್ಗಿ ಅಳೀಲಿಕ್ಕಿ ಕಳಿಸಿದ್ರು, ಸರಪಳಿ ಹಿಡಕೊಂಡು ಹೋದೆ. ಅಳೀಬೇಕಾದ್ರ ಒಂದು ಗುರ್ತು ಬೇಕಾಗ್ತದ. ಒಂದು ಮನಿ ಮೂಲಿ, ಒಂದು ಕಟ್ಟಿ, ಒಂದು ಗಿಡ, ಏನರೆ. ಅಲ್ಲಿ ಎಲ್ಲಿಂದ ಅಳೀಬೇಕಂತ ನನಗ ತಿಳೀಲಿಲ್ಲ."

ಅವ್ವ ತಂಬಿಗೆಯಲ್ಲಿದ್ದ ಮಜ್ಜಿಗೆಯನ್ನೆಲ್ಲ ಅವರ ಬಟ್ಟಲಿಗೆ ಬಗ್ಗಿಸಿದಳು. ನಾನು ಆ ಮಾತನ್ನು ಯಾವ ಕಟ್ಟೆಯ ಮೇಲೂ ಆಡಿ ತೋರಿಸಲಿಲ್ಲ.

ಈಗ ನಮ್ಮೂರ ಒಂದು ಪದ್ಧತಿ ಹೇಳಬೇಕು. ಸೀಗಿ ಹುಣ್ಣಿಮೆಯ ಮರುದಿನ, ಇನ್ನು ದೊಡ್ಡ ಮಳೆ ಇಲ್ಲ ಎಂಬ ನಂಬಿಕೆಯ ಮೇಲೆ, ಗದ್ದೆಯುಳ್ಳ ಮನೆಯವರೆಲ್ಲ ಕರಿಕೆ ಹುಲ್ಲಿನ ಬೇರಿನ ಸಮೇತ ಕಿತ್ತ ಮಣ್ಣಿನ ಹೆಂಟೆಗಳನ್ನು ಬುಟ್ಟಿಯಲ್ಲಿ ತಂದು ಕೋಡಿಯ ಮೇಲೆ ಸಾಲಾಗಿ ಇಡುತ್ತಾರೆ. ಬೆನ್ನಿಗೆ ಕಲ್ಲು ಕೊಟ್ಟು ನಡುವೆ ಕೆಸರು ಮೆತ್ತುತ್ತಾರೆ. ಅಷ್ಟು ಎತ್ತರದ ನೀರು ಕೆರೆಯಲ್ಲಿ ಹೆಚ್ಚಿಗೆ ನಿಲ್ಲುತ್ತದೆ. ಆ ನೀರಿನಿಂದಲೇ ತುದಿಯ ಗದ್ದೆಗಳ ಭತ್ತ ಹಾಲು ತುಂಬಬೇಕು. ಯಾವ ಮನೆ ಹೆಂಟೆ ಇಡುತ್ತದೋ ಆ ಮನೆಗೆ ನೀರಿನ ಪಾಳಿ. ಒಂದು ಮನೆಯ ಹೆಂಟೆಯನ್ನು ಇನ್ನೊಂದು ಮನೆಯವರು ಮುಟ್ಟುವಂತಿಲ್ಲ. ಮುಟ್ಟಿದರೆ ಅವರ ಗದ್ದೆಗೆ ಕೈ ಹಾಕಿದಂತೆ, ಮೊಮ್ಮಕ್ಕಳ ಕಾಲದ ತನಕ ವೈರ. ತನ್ನ ಹೆಂಟೆಯನ್ನು ತಾನೇ ಎತ್ತಿದವನಿಗೆ ಆ ವರ್ಷ ನೀರು ಸಾಕಾಯಿತೆಂದು ಅರ್ಥ, ಪಾಳಿ ಹೋಯಿತು.

ಕೋಡಿಯ ಕೆಲಸ ಮುಗಿದ ವರ್ಷ ಊರವರು ಹುಣ್ಣಿಮೆಯ ದಾರಿ ಕಾಯುತ್ತಿದ್ದರು. ಸಾಹೇಬರಿಗೆ ಸುಳಿವು ಹತ್ತಿತು, ಚಾವಡಿಗೆ ಬಂದರು.

"ಇಷ್ಟು ಅಗಲ ಮಾಡಿದ್ದು ಮತ್ತ ಮುಚ್ಚಲಿಕ್ಕಿ ಏನ್ರಿ? ಒಡ್ಡಿನ ಹೊಸ ಮಣ್ಣು ಇನ್ನಾ ಕೂತಿಲ್ಲ."

"ಕೋಡಿ ಸರಕಾರದ್ದು," ಎಂದರು ಗೌಡರು ನಿಧಾನವಾಗಿ. "ಅದರ ಮ್ಯಾಲಿನ ಹೆಂಟಿ ಊರಂದು."

ಎಂದೂ ಸಭೆಯಲ್ಲಿ ಬಾಯಿ ಬಿಡದ ನಮ್ಮಪ್ಪ ಅಂದು ಮಾತಾಡಿದ. "ನಮ್ಮ ಗದ್ದಿ ಕಡೀಗೈತ್ರಿ ಸಾಹೇಬ್ರ. ಮ್ಯಾಲಿನವ್ರದು ತೊಯ್ದು ನಮಗ ಬರೂದರಾಗ ಕೆರಿ ತಳ ಕಾಣತೈತಿ. ಹೆಂಟಿ ನೀರಿಲ್ಲಂದ್ರ ನಮ್ಮ ಭತ್ತ ಬರೇ ಜೊಳ್ಳು. ನೀವು ನಮ್ಮ ಮನ್ಯಾಗ ಉಣ್ಣತೀರಿ, ನಿಮಗ ಗೊತ್ತಿಲ್ಲೇನು?"

ಸಾಹೇಬರಿಗೆ ಗೊತ್ತಿತ್ತು. ತಹಸೀಲಿಗೆ ಹೇಳಿಕಳಿಸಿ ಜವಾನರನ್ನು ಕರೆಸಬಹುದಿತ್ತು. ಕರೆಸಲಿಲ್ಲ. "ಜವಾನರು ಇವತ್ತು ತಗದ್ರ ನಾಳಿ ನೀವು ಮತ್ತ ಇಡ್ತೀರಿ" ಎಂದು ಮೊಣಕಾಲು ತಿಕ್ಕಿಕೊಂಡರು. "ಒಂದ ಮಾತು ಕೊಡ್ರಿ. ಮೋಡ ಕಟ್ಟಿದ್ರ ತಗೀತೀವಿ ಅನ್ರಿ."

"ತಗೀತೀವಿ ತಗೋರಿ ಸಾಹೇಬ್ರ" ಎಂದು ಎಲ್ಲರೂ ಒಟ್ಟಿಗೆ ಮಾತು ಕೊಟ್ಟರು. ಮೊದಲು ಯಾರು ತೆಗೆಯಬೇಕೆಂದು ಸಾಹೇಬರು ಕೇಳಲಿಲ್ಲ, ಊರವರು ಹೇಳಲಿಲ್ಲ. ಮರುದಿನ ಹೆಂಟೆಗಳು ಕೋಡಿಯ ಈ ದಂಡೆಯಿಂದ ಆ ದಂಡೆಯ ತನಕ ಕೂತವು. ಕೋಡಿ ಅಗಲವಾಗಿದ್ದರಿಂದ ಎಲ್ಲರೂ ಹೆಚ್ಚು ಬುಟ್ಟಿ ಹೊರಬೇಕಾಯಿತು. ಅದಕ್ಕೂ ಸಾಹೇಬರಿಗೇ ಬೈದರು. ನಾನೂ ಹೊತ್ತೆ, ನಾನೂ ಬೈದೆ, ಅದೂ ಸಾಹೇಬರ ದನಿಯಲ್ಲೇ.

ಮಳೆ ಮೂಡಲ ಕಡೆಯಿಂದ ಬಂತು. ದೀಪಾವಳಿ ಹತ್ತಿರವಾಗಿತ್ತು. ಆ ಹೊತ್ತಿನಲ್ಲಿ ಅಂಥ ಮಳೆ ಬರುತ್ತದೆಂದು ಹಣ್ಣು ಹಣ್ಣು ಮುದುಕರಿಗೂ ನೆನಪಿರಲಿಲ್ಲ. ಬೆಳಗಾಗುವಷ್ಟರಲ್ಲಿ ಹಳ್ಳಗಳೆಲ್ಲ ಕೆರೆಗೆ ಬಂದು ಬೀಳುತ್ತಿದ್ದವು. ಮಧ್ಯಾಹ್ನಕ್ಕೆ ನೀರು ಹೆಂಟೆಯ ನೆತ್ತಿ ಮುಟ್ಟಿತು. ಊರವರೆಲ್ಲ ಕಂಬಳಿ ಕೊಪ್ಪೆ ಹಾಕಿಕೊಂಡು ಕೋಡಿಯ ದಂಡೆಗೆ ಬಂದು ನಿಂತೆವು. ಅತ್ತ ಒಡ್ಡಿನ ಹೊಸ ಮಣ್ಣು ಒಂದು ಕಡೆ ಮೆತ್ತಗಾಗಿ ತುಸು ಕೆಳಗೆ ಕೂತಿತ್ತು. ಒಡ್ಡಿನ ಕೆಳಗಿನ ಓಣಿಯ ಮಂದಿ ಆಡು, ಕೂಸು, ಕಾಳಿನ ಗಡಿಗೆ ಹೊತ್ತು ಗುಡ್ಡದ ಕಡೆ ಏರುತ್ತಿದ್ದುದು ನಿಂತಲ್ಲಿಂದಲೇ ಕಾಣುತ್ತಿತ್ತು. ಆ ಓಣಿಯಲ್ಲಿ ಏಳಲಾಗದ ಮುದುಕರಿದ್ದರು, ಬಾಣಂತಿಯರಿದ್ದರು.

"ತಗೀರಿ," ಎಂದರು ಸಾಹೇಬರು.

"ತಗಿಯೂದ ರೀ," ಎಂದರು ಗೌಡರು. "ಮೊದಲ ಯಾರು ತಗೀತೀರಪಾ?"

ಎಲ್ಲರೂ ಪಕ್ಕದವನ ಕಡೆ ನೋಡಿದರು.

"ಗೌಡ್ರ ಮನೀದು ಮೊದಲ ತಗೀಲಿ," ಎಂದಿತು ಒಂದು ಕಂಬಳಿ.

"ನಮ್ಮನೀದು ನಟ್ಟನಡುವ ಐತಿ. ಅಲ್ಲಿ ತಗದ್ರ ಎಲ್ಲಾರದೂ ಕಿತ್ಕೊಂಡು ಹೋಕ್ಕೈತಿ. ದಂಡೀಲಿಂದ ಬರ್ಲಿ."

"ದಂಡಿ ಅಂದ್ರ ನಮ್ದು," ಎಂದ ಅಪ್ಪ. "ಹ್ವಾದ ವರ್ಷನೂ ನಮಗ ಕಡೀ ಪಾಳಿ. ಈಗ ತಗಿಯಾಕ ಮೊದಲನೇ ಪಾಳಿ ನಮ್ದೇನು?"

ನೀರು ಏರುತ್ತಿದೆ, ಎದುರಿಗೆ ಓಣಿ ಖಾಲಿಯಾಗುತ್ತಿದೆ, ನಾವು ಪಾಳಿಯ ನ್ಯಾಯ ಮಾಡುತ್ತ ನಿಂತಿದ್ದೇವೆ. ಯಾರೂ ಕೆಟ್ಟವರಲ್ಲ. ಎರಡನೆಯವನಾಗಿ ಇಳಿಯಲು ಎಲ್ಲರೂ ತಯಾರಿದ್ದರು. ನಾನೂ ಅವರಲ್ಲೊಬ್ಬ.

ಸಾಹೇಬರು ಬಾವಿಯ ಹಗ್ಗ ತರಿಸಿ ಸೊಂಟಕ್ಕೆ ಕಟ್ಟಿಕೊಂಡರು. ತುದಿಯನ್ನು ನನ್ನ ಕೈಗೂ ನನ್ನ ಹಿಂದಿದ್ದವರ ಕೈಗೂ ಕೊಟ್ಟರು. ಮೊಣಕಾಲಿಗೆ ಒಂದೊಂದು ಪೆಟ್ಟು ಹಾಕಿದರು.

"ನಂದು ಇಲ್ಲಿ ಗದ್ದಿ ಇಲ್ಲ, ಮನಿ ಇಲ್ಲ, ಪಾಳಿ ಇಲ್ಲ. ಹೋಗೋದು ಏನದ ನಂದು? ವೈರಾ ಕಟ್ಟೋರು ನನ್ನ ಮ್ಯಾಲೇ ಕಟ್ರಿ. ಇವತ್ತಿದ್ದೀನಿ, ನಾಳಿ ಬದ್ಲಿ ಆಗ್ತೀನಿ."

ಹಾಗೆಂದು ಕೋಡಿಯ ಮೇಲೆ ಇಳಿದರು. ನೀರು ಪಾದದ ಮೇಲೆ ಹರಿಯುತ್ತಿತ್ತು. ಮೊದಲ ಹೆಂಟೆಯ ಮೇಲೆ ಕೈಯಿಟ್ಟು, ಮುಖ ಎತ್ತಿ ಕೇಳಿದರು: "ಇದು ಯಾರ ಮನೀದು?"

ಎರಡು ವರ್ಷ ನಮ್ಮ ನಡುವೆ ಇದ್ದವರು. ಯಾರದೆಂದು ಕೇಳದೆ ಎತ್ತಬಾರದೆಂಬುದು ಅವರಿಗೆ ಗೊತ್ತಿತ್ತು. ಅದು ಅಂಗಡಿಯವನದು. ಅವನು ನನ್ನ ಪಕ್ಕದಲ್ಲೇ ಕಂಬಳಿಯೊಳಗೆ ಮುಖ ಮುಚ್ಚಿಕೊಂಡು ನಿಂತಿದ್ದ. ಆಗ ನನ್ನ ಬಾಯಿಯಿಂದ, ನಾನು ಕೇಳದೆಯೇ, ಅವನ ರಾಗ ಹೊರಟಿತು: "ನಂದರೀ ಸಾಹೇಬ್ರಾ… ತಗೋರಿ, ತಗೋರಿ, ಬ್ಯಾರೆ ಏನ್ ಬೇಕ್ರೀ?"

ಆ ಮಳೆಯಲ್ಲೂ ಯಾರೋ ಕಿಸಕ್ಕೆಂದರು. ಅಂಗಡಿಯವನು ತಿರುಗಿ ನನ್ನನ್ನು ನೋಡಿದ. ಅಷ್ಟರಲ್ಲಿ ಹೆಂಟೆ ಎದ್ದಿತ್ತು.

"ಇದು ಯಾರ ಮನೀದು?"

ಗೌಡರ ಕೆಮ್ಮು ಕೆಮ್ಮಿದೆ. "ನಮ್ಮನೀದ ರೀ. ತಗಿಯೂದ ರೀ. ಮೊದಲ ಯಾರು ತಗೀತೀರಂತ ಕೇಳಿದ್ನಿ, ನಾನ ಅಂತ ಈಗ ನೆಪ್ಪಾತು."

ಈ ಸಲ ನಗು ಜೋರಾಯಿತು. ಗೌಡರೂ ನಕ್ಕರು, ಅಥವಾ ಕೆಮ್ಮಿದರು. ಅವರವು ಎರಡೂ ಒಂದೇ ತರಹ. ಒಬ್ಬ ಮಾತ್ರ ನಗಲಿಲ್ಲ, ಮೂಲೆಮನೆಯ ಕಾಕಾ. ಅವನ ಹೆಂಟೆಗಳ ಸರದಿ ಬಂದಾಗ ಅವನ ದನಿಯಲ್ಲಿ ನಾನೇ ಅನುಮತಿ ಕೊಟ್ಟದ್ದಕ್ಕೆ ಇಂದಿಗೂ ನನ್ನ ಜೊತೆ ಮಾತಿಲ್ಲ. ಸಾಹೇಬರು ಬಗ್ಗಿ, ಎತ್ತಿ, ಕೆಳಗೆ ಚೆಲ್ಲಿ, ಮತ್ತೆ ಬಗ್ಗುತ್ತಿದ್ದರು. ಅವರ ಮೊಣಕಾಲಿನ ಸಪ್ಪಳ ನೀರಿನ ಮೊರೆತದಲ್ಲಿ ಕೇಳಿಸುತ್ತಿರಲಿಲ್ಲ. ಮುಖ ನೋಡಿದರೆ ಕೇಳಿಸಿದಂತಾಗುತ್ತಿತ್ತು. ಆಚೆ ದಂಡೆಯ ಕಡೆಗೆ ಹೋದರು.

"ಇದು ಯಾರ ಮನೀದು?"

ನಮ್ಮ ಮನೆಯದು. ನಾನು ಅಪ್ಪನ ದನಿ ತೆಗೆದೆ, ಎತ್ತಿನ ಜೊತೆ ಜಗಳ ಆಡುವ ದನಿ. "ನಮ್ದರೀ. ತಗೀರಿ ಸಾಹೇಬ್ರ."

ಅಪ್ಪ ನನ್ನ ಹೆಗಲಿಗೆ ಕೈಯಿಟ್ಟು ಸರಿಸಿದ. "ನಾ ಹಂಗ ಮಾತಾಡಂಗಿಲ್ಲ" ಎಂದ. ಧೋತರ ಮೇಲೆ ಕಟ್ಟಿ ನೀರಿಗೆ ಇಳಿದು, ನಮ್ಮ ಹೆಂಟೆಗಳನ್ನು ಒಂದೊಂದಾಗಿ ತಾನೇ ಎತ್ತಿ ಹಾಕಿದ. ಆಮೇಲೆ ಗೌಡರ ಮಗ ಇಳಿದ, ಅಂಗಡಿಯವನು ಇಳಿದ, ಹಾರೆ ಬಂತು, ಗುದ್ದಲಿ ಬಂತು. ಸಂಜೆಯಾಗುವ ಮೊದಲು ಕೋಡಿ ಈ ದಂಡೆಯಿಂದ ಆ ದಂಡೆಯ ತನಕ ಬಾಯಿ ತೆರೆಯಿತು. ಆ ನೀರು ಬಿದ್ದ ಸದ್ದಿಗೆ ಎದುರು ನಿಂತವನ ಮಾತು ಕೇಳುತ್ತಿರಲಿಲ್ಲ. ನನಗೂ ಸುಮ್ಮನಿರಲು ಒಂದು ನೆಪ ಸಿಕ್ಕಿತು. ಒಡ್ಡು ನಿಂತಿತು. ಕೆಳಗಿನ ಓಣಿಯವರು ಮರುದಿನ ಕೂಸು, ಗಡಿಗೆ ಹೊತ್ತು ಇಳಿದು ಬಂದರು.

ಒಡ್ಡು ಹೇಗೂ ನಿಲ್ಲುತ್ತಿತ್ತು, ಸಾಹೇಬರು ಸುಮ್ಮನೆ ನೀರು ಕಳೆದರು ಎಂಬ ಮಾತು ಹತ್ತು ದಿನದೊಳಗೆ ಚಾವಡಿಯಲ್ಲಿ ಹುಟ್ಟಿತು. ಒಡ್ಡು ಒಡೆದಿದ್ದರೆ ಸಾಕ್ಷಿ ಇರುತ್ತಿತ್ತು. ನಿಂತ ಒಡ್ಡು ಯಾರ ಪರವಾಗಿ ಸಾಕ್ಷಿ ಹೇಳಬೇಕು? ಪಾಳಿ ನಮ್ಮ ಗದ್ದೆಗೆ ಬರುವಷ್ಟರಲ್ಲಿ ಅಪ್ಪ ಹೇಳಿದಂತೆಯೇ ಕೆರೆಯ ತಳ ಕಂಡಿತು. ತೆನೆಗಳು ನೆಟ್ಟಗೆ ನಿಂತಿದ್ದವು, ತೂಕವಿದ್ದರಲ್ಲವೇ ಬಾಗಲು. ಅವ್ವ ಒರಳಿಗೆ ಹಾಕಿದರೆ ಹೊಟ್ಟು ಹಾರಿ ಹೋಗಿ ಕಾಳು ಹುಡುಕಬೇಕಾಗಿತ್ತು. ಸಾಹೇಬರು ಅನ್ನ ಬೇಡ ಅನ್ನತೊಡಗಿದರು. "ರೊಟ್ಟಿನೇ ಸಾಕು ಅಕ್ಕಾ, ಅನ್ನ ನನಗ ಥಂಡಿ ಆಗ್ತದ."

"ಸುಮ್ನ ಉಣ್ರಿ," ಎಂದಳು ಅವ್ವ. "ಕೆರಿ ಉಳದೈತಿ. ಬರೂ ವರ್ಷ ಬೆಳೀತೀವಿ."

ಅಪ್ಪ ತಲೆಯೆತ್ತಲಿಲ್ಲ. ಆದರೆ ಅನ್ನದ ಗಂಗಾಳವನ್ನು ಸಾಹೇಬರ ಕಡೆಗೆ ಸರಿಸಿದ.

ನೀರಿನಲ್ಲಿ ನಿಂತದ್ದು ಅವರ ಎದೆಗೆ ಇಳಿದಿತ್ತು. ಕೆಮ್ಮು ಹೋಗಲಿಲ್ಲ. ಕುಸುಬಿ ಎಣ್ಣೆ ಈಗ ಮೊಣಕಾಲಿಗಷ್ಟೇ ಅಲ್ಲ, ಎದೆಗೂ ಬೇಕಾಯಿತು. ಬಾವಿಯ ನೀರು ಹಿಡಿಸಿತೇನೋ, ಬದಲಿ ಹುಕುಂ ಬಂತು. ಟ್ರಂಕು ಜೋಡಿಸಲು ಹೊತ್ತೇನೂ ಹಿಡಿಯಲಿಲ್ಲ, ಛತ್ರಿಯನ್ನು ಗೂಟದಿಂದ ತೆಗೆದರೆ ಆಯಿತು. ಯಲಬುರ್ಗಾದ ದಾರಿಯ ತನಕ ನಾನೇ ಗಾಡಿ ಹೂಡಿದೆ. ಇದ್ದಿಲ ಬಸ್ಸು ಯಾವಾಗ ಬರುತ್ತದೆಂದು ಅದಕ್ಕೇ ಗೊತ್ತಿರಲಿಲ್ಲ. ಬೇವಿನ ನೆರಳಿಗೆ ಕೂತೆವು.

"ಒಮ್ಮಿ ನನ್ನ ದನಿ ತಗಿ, ತಮ್ಮಾ. ಕೇಳ್ತೀನಿ."

ನನಗೆ ಮನಸ್ಸಿರಲಿಲ್ಲ. ಆದರೂ ಶುರು ಮಾಡಿದೆ. "ನೋಡ್ರಿ, ಇದರಾಗ ನಂದೇನೂ ಇಲ್ಲ…" ಮುಂದೆ ಹೋಗಲಾಗಲಿಲ್ಲ.

ಸಾಹೇಬರು ಕಣ್ಣು ಮುಚ್ಚಿ ಕೇಳಿ ತಲೆದೂಗಿದರು. "ಈಗ ಬರಾಬರಿ ಬಂತು ನೋಡು. ನೀನೂ ದಣದಿ."

ಬಸ್ಸು ಬಂತು. ಅವರು ಕಿಟಕಿಯ ಹತ್ತಿರ ಕೂತು, ಹೋಗುತ್ತೇನೆ ಎಂದು ಹೇಳುವ ಬದಲು, "ತೂಬಿನ ಹತ್ರ ಗಚ್ಚು ಬಿಟ್ಟದ, ನೋಡ್ಕೋರಿ" ಎಂದರು. ಬಸ್ಸಿನ ಹೊಗೆ ಅವರನ್ನೂ ಮುಚ್ಚಿತು, ನನ್ನನ್ನೂ ಮುಚ್ಚಿತು.

ಮುಂದಿನ ವರ್ಷದ ಮಳೆಗಾಲದಲ್ಲಿ ದಫ್ತರದ ಜವಾನನೊಬ್ಬ ಯಾವುದೋ ಕೆಲಸಕ್ಕೆ ಬಂದು ನಮ್ಮ ಕಟ್ಟೆಯ ಮೇಲೆ ನೀರು ಕುಡಿಯುತ್ತ ಸುದ್ದಿ ಹೇಳಿದ. ಬೇರೊಂದು ತಾಲೂಕಿನಲ್ಲಿ, ಬೇರೊಂದು ಕೆರೆಯ ಒಡ್ಡಿನ ಮೇಲೆ, ಬೇಸಿಗೆಯ ಮಧ್ಯಾಹ್ನ ಸಾಹೇಬರು ಗಿಡದ ಬುಡದಲ್ಲಿ ಕೂತರಂತೆ. ನಿದ್ದೆ ಹತ್ತಿರಬೇಕೆಂದು ಆಳುಗಳು ಸಪ್ಪಳ ಮಾಡದೆ ಕೆಲಸ ಮಾಡಿದರಂತೆ. ಕೆಲಸ ಬಿಡುವ ಹೊತ್ತಿಗೆ ಎಬ್ಬಿಸಲು ಹೋದರಂತೆ.

ಅವ್ವ ಬಾಗಿಲಲ್ಲಿ ನಿಂತು ಕೇಳಿದಳು. "ಆ ಮನಿಶಾಗ ಕುಂದ್ರಾಕ ಎಷ್ಟು ತ್ರಾಸಿತ್ತು" ಎಂದಳು. ಅಷ್ಟು ಹೇಳಿ ಒಳಗೆ ಹೋದಳು.

ಆ ವರ್ಷವೂ ಸೀಗಿ ಹುಣ್ಣಿಮೆ ಬಂತು. ಮರುದಿನ ಎಲ್ಲರೂ ಬುಟ್ಟಿ ಹೊತ್ತು ಕೋಡಿಗೆ ಹೋದೆವು. ಹೆಂಟೆಗಳು ಎರಡೂ ದಂಡೆಯಿಂದ ನಡುವಿಗೆ ಬಂದವು. ನಡುವೆ ಒಂದು ಮನೆಯ ಹೆಂಟೆಗಳು ಹಿಡಿಯುವಷ್ಟು ಜಾಗ ಉಳಿಯಿತು. ಅದು ಗೌಡರ ಮನೆಯ ಜಾಗ. ಗೌಡರ ಮಗ ಬುಟ್ಟಿ ಇಳಿಸಿದ. ಗೌಡರು ಅವನನ್ನು ತಡೆದು, ನಮ್ಮದನ್ನು ಈ ಸಲ ದಂಡೆಗೆ ಇಡು ಎಂದರು. ಅಪ್ಪ ಆ ಖಾಲಿ ಜಾಗವನ್ನು ನೋಡಿದ, ಕೆಳಗಿನ ನಮ್ಮ ಗದ್ದೆಯ ಕಡೆ ನೋಡಿದ, ಕೈಯ ಕೆಸರು ತೊಳೆದುಕೊಂಡ. ಅಷ್ಟು ಕಂಡಿ ಬಿಟ್ಟರೆ ಉಳಿದ ಹೆಂಟೆ ಇಟ್ಟೂ ಉಪಯೋಗವಿಲ್ಲ, ನೀರೆಲ್ಲ ಅಲ್ಲಿಂದಲೇ ಹೋಗುತ್ತದೆ ಎಂಬುದು ಊರಿನ ಕೂಸಿಗೂ ಗೊತ್ತು. ಆದರೂ ಪ್ರತಿ ವರ್ಷ ಕರಿಕೆ ಬೇರು ನೋಡಿ ಹೆಂಟೆ ಆರಿಸುತ್ತೇವೆ, ಬೆನ್ನು ನೋಯುವಂತೆ ಹೊರುತ್ತೇವೆ, ಸಾಲಾಗಿ ಇಡುತ್ತೇವೆ, ಪಾಳಿಗೆ ಜಗಳಾಡುತ್ತೇವೆ, ಆ ಕಂಡಿಯನ್ನು ಬಿಡುತ್ತೇವೆ.

ಹೋದ ವರ್ಷ ಹೊಸ ಓವರ್‌ಸಿಯರ್ ಬಂದಿದ್ದರು, ಗಟ್ಟಿ ಮೊಣಕಾಲಿನ ಹರೆಯದ ಮನುಷ್ಯ. ಕೋಡಿಯ ನಡುವಿನ ಕಂಡಿ ನೋಡಿ ಅವರಿಗೆ ಅರ್ಥವೇ ಆಗಲಿಲ್ಲ. "ಇಷ್ಟೆಲ್ಲಾ ಇಟ್ಟು ನಡುವ ಯಾಕ ಬಿಟ್ಟೀರಿ ಗೌಡ್ರ?" ಎಂದು ಕೇಳಿದರು.

ಗೌಡರು ಕೆಮ್ಮಿದರು. "ಆ ಮನಿಯವ್ರು ಇನ್ನಾ ಹೆಂಟಿ ತಂದಿಲ್ಲರಿ" ಎಂದರು. "ಅವ್ರು ಬರೂತನಕ ಅವ್ರ ಜಾಗಾ ನಾವು ಮುಟ್ಟಂಗಿಲ್ಲ."